ಫ್ರೀಲಾನ್ಸ್ ಕೆಲಸ: ಕೊಡುವವರೂ ಮಾಡುವವರೂ ಮೊದಲೇ ಬರೆದಿಟ್ಟುಕೊಳ್ಳಬೇಕಾದದ್ದು

ಮುಂಬೈ ಸುತ್ತಿನ ಮಾಟುಂಗ, ಚೆಂಬೂರು, ಡೊಂಬಿವಲಿ ಕಡೆಯ ಸಾಧಾರಣ ಗಾತ್ರದ ಹೋಟೆಲಿಗೆ ಡಿಸೈನರ್ ಬೇಕಾಗುವುದು ವರ್ಷಕ್ಕೆ ಮೂರೋ ನಾಲ್ಕೋ ಸಲ: ಮೆನು ಬದಲಾದಾಗ, ಗಣೇಶೋತ್ಸವದ ಬ್ಯಾನರ್‌ಗೆ, ಸ್ವಿಗ್ಗಿ–ಜೊಮ್ಯಾಟೊದಲ್ಲಿ ಹೊಸ ಫೋಟೊ ಹಾಕುವಾಗ. ಲೆಕ್ಕ ಬರೆಯುವವರು ಬೇಕಾಗುವುದು ತಿಂಗಳಲ್ಲಿ ಕೆಲವೇ ದಿನ. ಇಷ್ಟಕ್ಕೆ ಸಂಬಳದ ಮೇಲೆ ಜನ ಇಟ್ಟುಕೊಂಡರೆ ಉಳಿದ ದಿನಗಳ ಸಂಬಳ ದಂಡ. ಮಾಡಿದ ಕೆಲಸಕ್ಕಷ್ಟೇ ದುಡ್ಡು ಪಡೆಯುವ ಫ್ರೀಲಾನ್ಸರ್ ಸಾಕು. ಕೆಲಸ ಮಾಡುವವರಿಗೂ ಅನುಕೂಲವಿದೆ. ಲೋಕಲ್ ರೈಲಿನಲ್ಲಿ ಕಳೆಯುವ ಹೊತ್ತು ಉಳಿಯುತ್ತದೆ. ನಾಲ್ಕು ಕಡೆಯ ಕೆಲಸವಿದ್ದರೆ ಒಂದು ಕೈತಪ್ಪಿದರೂ ಮನೆ ನಡೆಯುತ್ತದೆ. ಈ ಅನುಕೂಲವನ್ನೆಲ್ಲ ಕೆಡಿಸುವುದು ಒಂದೇ ಮಾತು: ‘ನಮ್ಮವರೇ ತಾನೆ, ದುಡ್ಡಿನ ವಿಷಯ ಆಮೇಲೆ ನೋಡೋಣ.’

ಮೊದಲು ದರ. ಮನೆಖರ್ಚಿಗೆ ತಿಂಗಳಿಗೆ 60,000 ರೂಪಾಯಿ, ಇಂಟರ್ನೆಟ್, ಸಾಫ್ಟ್‌ವೇರ್, ಆರೋಗ್ಯ ವಿಮೆಗೆ 15,000 ಬೇಕು ಎನ್ನಿ. 25 ದಿನ, ದಿನಕ್ಕೆ 8 ಗಂಟೆಯಂತೆ 200 ಗಂಟೆ ದುಡಿದರೂ ಬಿಲ್ ಮಾಡಲು ಸಿಗುವುದು ಹೆಚ್ಚೆಂದರೆ ಅದರ ಅರ್ಧ. ಉಳಿದದ್ದು ಫೋನು, ಕೊಟೇಶನ್, ವಸೂಲಿಗೆ ಹೋಗುತ್ತದೆ. 75,000ವನ್ನು 100ರಿಂದ ಭಾಗಿಸಿದರೆ ಗಂಟೆಗೆ 750. ಹೊಸಬರು 200ರಿಂದ ಭಾಗಿಸಿ 375 ಹೇಳುತ್ತಾರೆ, ಆರು ತಿಂಗಳಲ್ಲಿ ಸುಸ್ತಾಗಿ ಮತ್ತೆ ನೌಕರಿ ಹುಡುಕುತ್ತಾರೆ.

ಕರಾರಿನಲ್ಲಿ ಕೆಲಸವನ್ನು ಎಣಿಸಿಯೇ ಬರೆಯಿರಿ: ‘ಮೆನು ಕಾರ್ಡ್, 4 ಪುಟ, ಕನ್ನಡ–ಮರಾಠಿ–ಇಂಗ್ಲಿಷ್, ತಿದ್ದುಪಡಿ 2 ಸಲ, ಮೂರನೆಯದಕ್ಕೆ ಬೇರೆ ದರ.’ ತಿದ್ದುಪಡಿಯ ಲೆಕ್ಕ ಇಲ್ಲದಿದ್ದರೆ ಜಗಳ ಖಂಡಿತ. ಮುಂಗಡ ಶೇ. 40, ಕರಡು ಒಪ್ಪಿದಾಗ 30, ಕೊನೆಯ ಫೈಲ್ ಕೊಡುವಾಗ 30 ಎಂದಿಟ್ಟುಕೊಂಡರೆ ಇಬ್ಬರಿಗೂ ಧೈರ್ಯ.

ಹಕ್ಕಿನ ವಿಷಯವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ನೌಕರನಲ್ಲದವನು ಮಾಡಿದ ಲೋಗೊ, ಬರೆದ ಬರಹ ಸಾಮಾನ್ಯವಾಗಿ ಮಾಡಿದವನದೇ, ಹಣ ಕೊಟ್ಟ ಮಾತ್ರಕ್ಕೆ ಹೋಟೆಲಿನದಾಗುವುದಿಲ್ಲ. ಹಣ ಕೊಟ್ಟು ತೆಗೆಸಿದ ಫೋಟೊ ಮಾತ್ರ, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರಿಗೆ ಸೇರುತ್ತದೆ. ಹಕ್ಕು ಬರವಣಿಗೆಯಲ್ಲೇ, ಸಹಿ ಹಾಕಿಯೇ ವರ್ಗಾವಣೆಯಾಗಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾನೂನು ಹಿಡಿಯುತ್ತದೆ. ದುಬೈಯಲ್ಲಿ ಶಾಖೆ ತೆರೆಯುವ ಯೋಚನೆ ಇದ್ದವರು ‘ಶಾಶ್ವತವಾಗಿ, ಎಲ್ಲ ದೇಶಗಳಿಗೆ, ಪೂರ್ತಿ ಹಣ ಸಂದ ಮೇಲೆ’ ಎಂದು ಸೇರಿಸಲೇಬೇಕು.

ಫ್ರೀಲಾನ್ಸರ್ ಕೆಲಸ ಒಪ್ಪುವ ಮೊದಲೇ ಉದ್ಯಮ್ ನೋಂದಣಿ (ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಹೆಸರು ದಾಖಲಿಸುವುದು) ಮಾಡಿಸಲಿ. ಆಧಾರ್ ಇದ್ದರೆ ಸರ್ಕಾರಿ ತಾಣದಲ್ಲಿ ಪುಕ್ಕಟೆ. ದುಡ್ಡು ಕೇಳುವ ತಾಣಗಳು ಸರ್ಕಾರದವಲ್ಲ. ಇದರ ಬಲ ಕಾಣುವುದು ವಸೂಲಿಯಲ್ಲಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಂತೆ ಕರಾರಿನಲ್ಲಿ ಎಷ್ಟೇ ದಿನ ಬರೆದರೂ ಪಾವತಿ 45 ದಿನ ಮೀರುವಂತಿಲ್ಲ, ಕರಾರೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ಆ ಒಂದು ಸಾಲಿಗೇ ಎಷ್ಟೋ ಬಿಲ್ ಬೇಗ ಪಾಸಾಗುತ್ತವೆ.

ತೆರಿಗೆ ಸ್ವಲ್ಪದರಲ್ಲಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಹಿಂದಿನ ವರ್ಷ 1 ಕೋಟಿಗಿಂತ ಹೆಚ್ಚು ವ್ಯಾಪಾರ ಮಾಡಿದ ಹೋಟೆಲು ವೃತ್ತಿಪರರೊಬ್ಬರಿಗೆ ವರ್ಷದಲ್ಲಿ 50,000 ಮೀರಿ ಶುಲ್ಕ ಕೊಟ್ಟರೆ (2025ರ ಮಾರ್ಚ್ ಕೊನೆಯವರೆಗೆ ಈ ಮಿತಿ 30,000 ಇತ್ತು) ಶೇ. 10 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯಬೇಕು. ಪ್ಯಾನ್ ಕೊಡದಿದ್ದರೆ ಶೇ. 20 ಹೋಗುತ್ತದೆ. ಹಿಡಿದ ಹಣ ನಷ್ಟವಲ್ಲ, ರಿಟರ್ನ್ ಸಲ್ಲಿಸಿದಾಗ ತೆರಿಗೆಗೆ ಜಮೆ. ಮಹಾರಾಷ್ಟ್ರದಲ್ಲಿ ಸ್ವಂತ ವೃತ್ತಿಯವರು ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆ ಕಟ್ಟಬೇಕೆಂಬುದನ್ನು ಮರೆಯುವವರೇ ಹೆಚ್ಚು.

ಕೆಲಸ ಮುಗಿದ ದಿನ ಹೋಟೆಲಿನವರು ತೆರೆದು ತಿದ್ದಬಲ್ಲ ಮೂಲ ಫೈಲನ್ನೇ ಕೇಳಿ ಪಡೆಯಬೇಕು. ಬರೀ ಪಿಡಿಎಫ್ ಇದ್ದರೆ ಇಡ್ಲಿಯ ಬೆಲೆ ಐದು ರೂಪಾಯಿ ಏರಿದಾಗಲೂ ಆ ಡಿಸೈನರನ್ನೇ ಹುಡುಕಬೇಕಾಗುತ್ತದೆ. ಗೂಗಲ್ ಮ್ಯಾಪಿನ ಹೋಟೆಲ್ ಪುಟ ಮಾಲೀಕರ ಸ್ವಂತ ಜಿಮೇಲ್‌ನಲ್ಲಿರಲಿ, ಫ್ರೀಲಾನ್ಸರ್‌ಗೆ ಮ್ಯಾನೇಜರ್ ಅನುಮತಿ ಮಾತ್ರ ಕೊಟ್ಟು, ಕೊನೆಯ ಕಂತು ಸಂದ ದಿನ ಅದನ್ನು ತೆಗೆದುಬಿಡಿ.