ಹೊಂಡಕ್ಕಿಂತ ಮೊದಲು ಬದು: ಶಿರಾ ಸೀಮೆಯ ನನ್ನ ಅನುಭವ

ಶಿರಾ ತಾಲ್ಲೂಕಿನಲ್ಲಿರುವ ನಮ್ಮ ಮೂರೂವರೆ ಎಕರೆ ಕೆಮ್ಮಣ್ಣಿನ ಹೊಲ ಪೂರ್ವಕ್ಕೆ ಇಳಿಜಾರಾಗಿದ್ದು, ಬಿರುಸಾದ ಒಂದು ಮಳೆ ಬಿದ್ದರೆ ಉತ್ತ ಮೇಲ್ಮಣ್ಣೆಲ್ಲ ಕೊಚ್ಚಿಕೊಂಡು ಹಳ್ಳ ಸೇರುತ್ತಿತ್ತು. 2001ರ ನಂತರ ತುಮಕೂರು, ಕೋಲಾರವೂ ಸೇರಿದಂತೆ ಐದು ಜಿಲ್ಲೆಗಳಲ್ಲಿ ಸುಜಲ ಜಲಾನಯನ ಯೋಜನೆ ನಡೆದಾಗ ನೆರೆಯ ಹೊಲಗಳಲ್ಲಿ ಹಾಕಿದ ಬದುಗಳನ್ನು ನಾನು ನೋಡಿದ್ದೆ. ಆದರೂ ನಮ್ಮ ಹೊಲಕ್ಕೆ ಅದೇ ಮೊದಲ ಕೆಲಸವೆಂಬುದು ಮನದಟ್ಟಾದದ್ದು 2016ರಲ್ಲಿ, ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಡಿ ಮಳೆನೀರು ಹಿಡಿದಿಡುವ ಹೊಂಡ ತೆಗೆಸಿದ ಮೇಲೆ.

2014ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ. 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 90 ಸಹಾಯಧನವಿತ್ತು. ಪಹಣಿ ಮತ್ತಿತರ ದಾಖಲೆಗಳನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟೆ.

ನಾವು ಹಾಕಿಸಿದ್ದ ಬದು ಹೊಲದ ಎಲ್ಲೆಯ ಗುಂಟ ನೇರವಾಗಿ ಸಾಗಿತ್ತು, ಹೆಚ್ಚಾದ ನೀರು ಹರಿದುಹೋಗಲು ಕೋಡಿಯನ್ನೂ ಬಿಟ್ಟಿರಲಿಲ್ಲ. ಮೊದಲ ದೊಡ್ಡ ಮಳೆಗೇ ನೀರು ತಗ್ಗಿನ ಮೂಲೆಯಲ್ಲಿ ಒತ್ತಿ ನಿಂತು ಬದುವನ್ನು ಒಡೆಯಿತು, ಹೊಸ ಹೊಂಡದ ತಳದಲ್ಲಿ ಒಂದು ಮೊಳ ಹೂಳು ಕೂತಿತು. ಅಂದು ನನಗಾದ ಸಂಕಟ ಇಂದಿಗೂ ನೆನಪಿದೆ.

ಮರುವರ್ಷ ಪಂಚಾಯಿತಿಯ ಕ್ರಿಯಾ ಯೋಜನೆಗೆ ಹೆಸರು ಸೇರಿಸಿ, ಉದ್ಯೋಗ ಖಾತ್ರಿಯಲ್ಲಿ ಬದುವನ್ನು ಹೊಸದಾಗಿ ಹಾಕಿಸಿದೆವು. ಗಾರೆಯವರು ಮಟ್ಟ ಹಿಡಿಯುವಂತೆ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ, ಒಂದೇ ಮಟ್ಟದ ಜಾಗಗಳಿಗೆ ಗೂಟ ನೆಟ್ಟು, ಆ ಗೂಟಗಳ ಜಾಡಿನಲ್ಲೇ ಮಣ್ಣು ಏರಿಸಿದೆವು. ಬದು ಅಂಕುಡೊಂಕಾಗಿ ಕಂಡರೂ ನೀರು ಅದರುದ್ದಕ್ಕೂ ಸಮನಾಗಿ ನಿಲ್ಲುತ್ತದೆ. ಕೋಡಿಗೆ ಕಲ್ಲು ಹಾಸಿ, ಬದುವಿನ ಮೇಲೆ ಲಾವಂಚ ನೆಟ್ಟು, ಹೊಂಡಕ್ಕೆ ನೀರು ಇಳಿಯುವ ಮುನ್ನ ಹೂಳು ತಂಗಲೆಂದು ಒಂದು ಗುಂಡಿ ತೋಡಿದೆವು.

ಹೊಂಡದ ಲೆಕ್ಕವನ್ನು ಪ್ರತಿಯೊಬ್ಬ ರೈತರೂ ಮೊದಲೇ ಹಾಕಿಕೊಳ್ಳಬೇಕೆಂಬುದು ನನ್ನ ಕಳಕಳಿ. ಮೇಲ್ಭಾಗದಲ್ಲಿ 12 ಮೀಟರ್ ಉದ್ದಗಲವಿದ್ದು, 3 ಮೀಟರ್ ಆಳಕ್ಕೆ ಅಷ್ಟೇ ಓರೆಯಾಗಿ ಇಳಿದ ನಮ್ಮ ಹೊಂಡದಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಒಂದು ಎಕರೆಗೆ ಒಂದು ಅಂಗುಲ ನೀರು ಕೊಡಲು ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು ಬೇಕಾಗುವುದರಿಂದ, ಬಿಸಿಲಿಗೆ ಆವಿಯಾಗುವುದನ್ನು ಕಳೆದರೆ ಒಂದು ಎಕರೆಗೆ ಎರಡು ಸಲ ತುಂತುರು ನೀರಾವರಿ ಮಾಡಬಹುದು, ಅಷ್ಟೇ. ಆದ್ದರಿಂದ ಮಳೆ ಕೈಕೊಟ್ಟ ವರ್ಷ ಆ ನೀರನ್ನು ರಾಗಿ ತೆನೆ ಬಿಡುವ ಹೊತ್ತಿಗೆಂದೇ ಕಾಯ್ದಿರಿಸುತ್ತೇವೆ. ನಮ್ಮದು ನೀರು ಹೀರುವ ಮಣ್ಣಾದ್ದರಿಂದ ತಳಕ್ಕೆ ಪ್ಲಾಸ್ಟಿಕ್ ಹಾಳೆ ಅನಿವಾರ್ಯ. ಆದರೆ ಆ ಹಾಳೆ ಜಾರುತ್ತದೆ, ಬಿದ್ದವರು ಮೇಲೆ ಬರಲಾರರು. ಸುತ್ತಲೂ ಬೇಲಿ ಕಟ್ಟಿ, ಗಂಟು ಹಾಕಿದ ಹಗ್ಗವನ್ನು ಒಳಗೆ ಇಳಿಬಿಡದೆ ಹೊಂಡಕ್ಕೆ ನೀರು ತುಂಬಲು ಬಿಡಬಾರದು.

ಗುಂಡಿಯಲ್ಲಿ ತಂಗಿದ ಮಣ್ಣನ್ನು ಮಂಕರಿಗಳಲ್ಲಿ ಹೊತ್ತು ಹೊಲದ ಮೇಲ್ಭಾಗಕ್ಕೆ ಹಾಕುತ್ತೇವೆ. ಮೊದಲ ಮಳೆಗಾಲದಲ್ಲಿ ಅದನ್ನು ನಾಲ್ಕು ಸಲ ಬರಿದು ಮಾಡಬೇಕಾಯಿತು. ಲಾವಂಚದ ಬುಡ ಬಲಿತ ಮೇಲೆ, ಕಳೆದ ವರ್ಷ, ಒಂದೇ ಸಲ.