ಕಾರವಾರದ ಹಿತ್ತಲಿಗೆ ಪೆಲೆಟ್ ಗ್ರಿಲ್ ಆರಿಸಿದ್ದು: ನನ್ನ ಅನುಭವ

ನಮ್ಮ ಹಿತ್ತಲಲ್ಲಿ ಬೆಂಕಿಗೆ ಬರ ಇರಲಿಲ್ಲ. ಬಚ್ಚಲ ಹಂಡೆಯ ಒಲೆ ಒಂದು, ಆಯಿಯ ಮಣ್ಣಿನ ಒಲೆ ಇನ್ನೊಂದು. ಖಾಲಿ ಡ್ರಮ್ ಉದ್ದಕ್ಕೆ ಸೀಳಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ಕಾಲು ಹಚ್ಚಿಸಿಕೊಂಡ ಕೆಂಡದ ಗ್ರಿಲ್ ಮೂರನೆಯದು. ಸಂಜೆ ನಾಲ್ಕು ಜನ ಬಂದರೆ ತೆಂಗಿನ ಕರಟದ ಕೆಂಡ ಮಾಡಿ ಬಂಗುಡೆ ಸುಡುವುದು ಮನೆಯ ರೂಢಿ. ಅದರಲ್ಲಿ ಯಾವ ಕೊರತೆಯೂ ಇಲ್ಲ.

ತೊಂದರೆ ಇದ್ದದ್ದು ನಿಧಾನದ ಅಡುಗೆಗೆ. ಇಡೀ ಕೋಳಿ, ಹಂದಿಯ ಭುಜದ ದೊಡ್ಡ ತುಂಡು, ಹೊಗೆಯಲ್ಲೇ ಬೆಂದ ಮೀನು. ಇವಕ್ಕೆಲ್ಲ ನೂರು ಡಿಗ್ರಿಯ ಆಸುಪಾಸಿನ ಶಾಖ ಗಂಟೆಗಟ್ಟಲೆ ಒಂದೇ ಸಮ ಇರಬೇಕು. ಡ್ರಮ್ಮಿನಲ್ಲೂ ಮಾಡಬಹುದು. ಆದರೆ ಒಬ್ಬರು ಅದರ ಪಕ್ಕ ಕೂತೇ ಇರಬೇಕು. ಸ್ವಲ್ಪ ಆಚೀಚೆ ಹೋದರೆ ಶಾಖ ಏರಿರುತ್ತದೆ, ಇಲ್ಲವೇ ಕೆಂಡ ಬೂದಿಯಾಗಿರುತ್ತದೆ. ನೆಂಟರು ಬಂದ ದಿನ ಮನೆಯವರೇ ಹಿತ್ತಲಲ್ಲಿ ಕೂತರೆ ಹೇಗೆ? ಹಾಗಾಗಿ ಪೆಲೆಟ್ ಗ್ರಿಲ್ ಕಡೆ ಕಣ್ಣು ಹೋಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಪೆಲೆಟ್ ಅಂದರೆ ಮರದ ಹೊಟ್ಟನ್ನು ಭಾರೀ ಒತ್ತಡದಲ್ಲಿ ಒತ್ತಿ ಮಾಡಿದ ಸಣ್ಣ ಕಡ್ಡಿಗಳು, ಸುಮಾರು 6 ಮಿಲಿಮೀಟರ್ ದಪ್ಪ. ಅಂಟು ಹಾಕಿರುವುದಿಲ್ಲ. ಒತ್ತುವಾಗ ಬರುವ ಬಿಸಿಗೆ ಮರದಲ್ಲೇ ಇರುವ ಲಿಗ್ನಿನ್ ಅನ್ನುವ ವಸ್ತು ಮೆತ್ತಗಾಗಿ ಅದೇ ಹಿಡಿದುಕೊಳ್ಳುತ್ತದೆ. ಗ್ರಿಲ್ಲಿನ ಒಂದು ಬದಿಗೆ ಈ ಪೆಲೆಟ್ ತುಂಬುವ ಪೆಟ್ಟಿಗೆ. ಅದರ ತಳದಿಂದ ಒಂದು ಉದ್ದ ತಿರುಪು ಮೋಟಾರಿನಲ್ಲಿ ತಿರುಗುತ್ತಾ ಪೆಲೆಟ್ಟನ್ನು ನಡುವಿನ ಬೆಂಕಿ ಬಟ್ಟಲಿಗೆ ತಳ್ಳುತ್ತದೆ. ಕಾಯಿಸುವ ಕಡ್ಡಿಯೊಂದು ಅದನ್ನು ಹೊತ್ತಿಸುತ್ತದೆ, ಫ್ಯಾನ್ ಗಾಳಿ ಊದುತ್ತದೆ. ಒಳಗಿನ ಶಾಖ ನೋಡಿಕೊಂಡು ಕಂಟ್ರೋಲರ್ ಎಷ್ಟು ಪೆಲೆಟ್ ಬೇಕು, ಎಷ್ಟು ಗಾಳಿ ಬೇಕು ಅಂತ ತೀರ್ಮಾನ ಮಾಡುತ್ತದೆ. ಬೆಂಕಿಗೂ ಅಡುಗೆಗೂ ನಡುವೆ ಒಂದು ತಗಡು ಇರುವುದರಿಂದ ಜ್ವಾಲೆ ನೇರವಾಗಿ ತಾಗುವುದಿಲ್ಲ. ಇದನ್ನು ಮಾರುಕಟ್ಟೆಗೆ ತಂದದ್ದು ಅಮೆರಿಕದ ಒರೆಗಾನ್ ರಾಜ್ಯದ ಟ್ರೇಗರ್ ಮನೆತನ, 1980ರ ದಶಕದಲ್ಲಿ. ಮನೆ ಬೆಚ್ಚಗಿಡುವ ಪೆಲೆಟ್ ಒಲೆಗಳು ಅಲ್ಲಿ ಅದಕ್ಕೂ ಮೊದಲೇ ಇದ್ದವು. 2006ರಲ್ಲಿ ಅವರ ಪೇಟೆಂಟ್ ಮುಗಿದ ಮೇಲೆ ಹತ್ತಾರು ಕಂಪನಿಗಳು ಮಾಡತೊಡಗಿದವು.

ಹೆಸರಿನಲ್ಲಿ ಗ್ರಿಲ್ ಅಂತ ಇದ್ದರೂ ಇದು ಹೊಗೆ ಬರುವ ಓವನ್. ಇಷ್ಟನ್ನು ತಲೆಯಲ್ಲಿ ಇಟ್ಟುಕೊಂಡರೆ ಆಯ್ಕೆ ಅರ್ಧ ಸುಲಭ. ಹೆಚ್ಚಿನವು ಸುಮಾರು 80 ಡಿಗ್ರಿಯಿಂದ 230-260 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗುತ್ತವೆ. ಮೀನಿನ ಚರ್ಮ ಗರಿಗರಿಯಾಗಿ ಕಪ್ಪೇರಬೇಕು ಅಂದರೆ ಕರಟದ ಕೆಂಡವೇ ಬೇಕು. ಆದ್ದರಿಂದ ನೇರ ಜ್ವಾಲೆಗೆ ಕಿಂಡಿ ತೆಗೆಯುವ ಮಾದರಿಗೆ ನಾನು ಹೆಚ್ಚಿನ ದುಡ್ಡು ಕೊಡಲಿಲ್ಲ. ಡ್ರಮ್ ಇದೆಯಲ್ಲ! ಇದ್ದದ್ದನ್ನು ಬಿಟ್ಟುಕೊಡಲು ಅಲ್ಲ, ಅದರ ಜೊತೆಗೆ ಇನ್ನೊಂದು ಬೇಕು ಅಂತ ಕೊಳ್ಳುವವರ ಲೆಕ್ಕವೇ ಬೇರೆ.

ಗ್ರಿಲ್ ನೋಡುವ ಮೊದಲು ನಾನು ಪೆಲೆಟ್ ಹುಡುಕಿದೆ. ಕೊಳ್ಳುವವರಿಗೆಲ್ಲ ಇದನ್ನೇ ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಪೆಲೆಟ್ ಅಂತ ಕೇಳಿದರೆ ಸುಲಭಕ್ಕೆ ಸಿಗುವುದು ಕಾರ್ಖಾನೆಯ ಬಾಯ್ಲರಿಗೆ ಹಾಕುವಂಥದ್ದು. ಅಗ್ಗ, ನೋಡಲಿಕ್ಕೂ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಆದರೆ ಅದರಲ್ಲಿ ಕಡಲೆಕಾಯಿ ಸಿಪ್ಪೆ, ಕೃಷಿ ಕಸ, ಬಡಗಿ ಅಂಗಡಿಯ ಹೊಟ್ಟು ಏನು ಬೇಕಾದರೂ ಇರಬಹುದು. ಆ ಹೊಟ್ಟಿನಲ್ಲಿ ಪ್ಲೈವುಡ್ಡಿನ ಅಂಟು, ಪಾಲಿಶ್, ಬಣ್ಣ ಸೇರಿರುತ್ತದೆ. ಆ ಹೊಗೆ ತಾಗಿದ ಮೀನು ತಿನ್ನಬೇಕಾ? ಬೂದಿಯೂ ಸಿಕ್ಕಾಪಟ್ಟೆ. ಒಬ್ಬರು ಗೇರುಬೀಜದ ಸಿಪ್ಪೆ ಸಿಗುತ್ತದಲ್ಲ, ಅದನ್ನೇ ಸುಡಬಾರದಾ ಅಂತ ಕೇಳಿದರು. ಖಂಡಿತ ಬೇಡ. ಆ ಸಿಪ್ಪೆಯ ಎಣ್ಣೆ ಕೈಗೆ ತಾಗಿದರೇ ಚರ್ಮ ಸುಟ್ಟುಹೋಗುತ್ತದೆ. ಅದರ ಹೊಗೆ ಅಡುಗೆಯ ಹತ್ತಿರವೂ ಸುಳಿಯಬಾರದು.

ಅಡುಗೆಗೆಂದೇ ಮಾಡಿದ ಗಟ್ಟಿ ಮರದ ಪೆಲೆಟ್ 9 ಕಿಲೋ ಚೀಲಗಳಲ್ಲಿ ಬರುತ್ತದೆ. ನಾನು ಹೊರಗಿನಿಂದ ತರಿಸುತ್ತೇನೆ, ಸಾಗಾಟದ ಖರ್ಚು ಉರಿಸುತ್ತದೆ. ಕಡಿಮೆ ಶಾಖದಲ್ಲಿ ಗಂಟೆಗೆ ಅರ್ಧದಿಂದ ಒಂದು ಕಿಲೋ ಸುಡುತ್ತದೆ, ಶಾಖ ಏರಿಸಿದರೆ ಇನ್ನೂ ಜಾಸ್ತಿ. ಈ ಲೆಕ್ಕ ಹಾಕಿ ವರ್ಷದ ಖರ್ಚು ನೋಡಿದ ಮೇಲೆಯೇ ನಾನು ಗ್ರಿಲ್ಲಿನ ಬೆಲೆ ಕೇಳಿದ್ದು. ಚೀಲ ಬಂದ ಕೂಡಲೇ ಒಂದು ಕಡ್ಡಿ ಮುರಿದು ನೋಡುತ್ತೇನೆ. ಒಳ್ಳೆಯದಾದರೆ ಮೈ ಹೊಳೆಯುತ್ತದೆ, ಟಕ್ ಅಂತ ಮುರಿಯುತ್ತದೆ. ತೇವ ಹಿಡಿದದ್ದು ಬೆರಳಲ್ಲೇ ಪುಡಿಯಾಗುತ್ತದೆ. ಚೀಲದ ತಳದಲ್ಲಿ ಪುಡಿ ಜಾಸ್ತಿ ಇದ್ದರೆ ಜರಡಿ ಹಿಡಿದೇ ಪೆಟ್ಟಿಗೆಗೆ ಹಾಕಬೇಕು.

ಎರಡನೆಯದು ಕರೆಂಟು. ಆಯಿಗೆ ಈ ಸಂಗತಿ ಇವತ್ತಿಗೂ ನಗು. "ಒಲೆ ಹೊತ್ತಿಸೂಕೂ ಕರೆಂಟು ಬೇಕಾ ತಮಾ?" ಅನ್ನುತ್ತಾಳೆ. ಬೇಕು. ಹೊತ್ತಿಸುವ ಕೆಲವು ನಿಮಿಷ 200-300 ವ್ಯಾಟ್, ಆಮೇಲೆ ಫ್ಯಾನು ಮತ್ತು ತಿರುಪಿಗೆ ಐವತ್ತು ವ್ಯಾಟಿನ ಆಸುಪಾಸು. ಅಂದರೆ ಮನೆಯ ಇನ್ವರ್ಟರ್ ಆರಾಮಾಗಿ ಎಳೆಯುತ್ತದೆ. ಸೈನ್ ವೇವ್ ಇನ್ವರ್ಟರ್ ಆಗಿದ್ದರೆ ಕಂಟ್ರೋಲರಿಗೆ ಒಳ್ಳೆಯದು. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ ಇವೆ, ನಮ್ಮ ತಾಲೂಕಿನಲ್ಲೇ. ಆದರೆ ತಂತಿಯ ಮೇಲೆ ತೆಂಗಿನ ಹೆಡೆ ಬಿದ್ದರೆ ಕೈಗಾ ಏನು ಮಾಡೀತು?

ಅಡುಗೆಯ ನಡುವೆ ಕರೆಂಟು ಹೋದರೆ ಬೆಂಕಿ ಆರುವುದಷ್ಟೇ ಅಲ್ಲ, ಇನ್ನೊಂದು ಅಪಾಯವೂ ಇದೆ. ಫ್ಯಾನ್ ನಿಂತಾಗ ಬಟ್ಟಲಿನ ಕೆಂಡ ನಿಧಾನಕ್ಕೆ ತಿರುಪಿನ ಕೊಳವೆಯೊಳಗೆ ಹಿಂದಕ್ಕೆ ಹತ್ತಿಕೊಂಡು ಪೆಟ್ಟಿಗೆಯವರೆಗೂ ಹೋಗಬಹುದು. ಅದಕ್ಕೇ ಕೆಲಸ ಮುಗಿದಾಗಲೂ ಪ್ಲಗ್ ಕೀಳಬಾರದು. ಗುಂಡಿ ಒತ್ತಿದರೆ ಫ್ಯಾನ್ ಇನ್ನಷ್ಟು ಹೊತ್ತು ತಿರುಗಿ ಉಳಿದ ಪೆಲೆಟ್ ಸುಟ್ಟು ಮುಗಿಸಿ ತಾನೇ ನಿಲ್ಲುತ್ತದೆ. ಕರೆಂಟು ಹೋಗಿ ಬಂದಿದ್ದರೆ ಎಲ್ಲ ತಣ್ಣಗಾಗಲು ಬಿಟ್ಟು, ಬಟ್ಟಲು ಖಾಲಿ ಮಾಡಿ, ಆಮೇಲೆ ಹೊತ್ತಿಸಬೇಕು. ತುಂಬಿದ ಬಟ್ಟಲನ್ನು ಹಾಗೇ ಹೊತ್ತಿಸಿದರೆ ಹೊಗೆ ಕಟ್ಟಿಕೊಂಡು ಭಗ್ ಅಂತ ಹತ್ತುತ್ತದೆ.

ಅಮೆರಿಕದಲ್ಲಿರುವ ಗೆಳೆಯ ಅಲ್ಲಿಂದಲೇ ಒಂದು ಕಳಿಸುತ್ತೇನೆ ಅಂದಿದ್ದ. ಬೇಡ ಅಂದೆ. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟ್ ಇಳಿಯುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಎಸಿ ಮೋಟಾರು ಇದ್ದರೆ ತಿರುಪು, ಫ್ಯಾನು ಎರಡೂ ನಮ್ಮ 50 ಹರ್ಟ್ಸಿನಲ್ಲಿ ನಿಧಾನವಾಗಿ ತಿರುಗುತ್ತವೆ, ಲೆಕ್ಕ ತಪ್ಪುತ್ತದೆ. ನಮ್ಮ ಭಾವ ದುಬೈನಲ್ಲಿದ್ದಾರೆ. ಅಲ್ಲಿ ನಮ್ಮ ಹಾಗೇ 230 ವೋಲ್ಟ್, 50 ಹರ್ಟ್ಸ್. "ಅಲ್ಲಿಂದ ತರಿಸಿಕೊಡಿ ಭಾವ" ಅಂದೆ. ಕಾರ್ಗೋದಲ್ಲಿ ಬಂತು. ಜೊತೆಗೆ ಒಂದು ಹೆಚ್ಚಿನ ಹೊತ್ತಿಸುವ ಕಡ್ಡಿಯನ್ನೂ ತರಿಸಿದೆ. ಈ ಯಂತ್ರದಲ್ಲಿ ಸುಟ್ಟುಹೋಗುವ ಭಾಗ ಅಂದರೆ ಹೆಚ್ಚಾಗಿ ಅದೇ. ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ಮೊದಲೇ ಕೇಳದಿದ್ದರೆ ಆಮೇಲೆ ಕಾಯುತ್ತಾ ಕೂರಬೇಕು.

ಮೂರನೆಯದು ಉಪ್ಪುಗಾಳಿ. ಕಡಲಿಂದ ಕೂಗಳತೆಯ ಮನೆ ನಮ್ಮದು. ಇಲ್ಲಿ ಗೇಟಿನ ಬಿಜಾಗರಿಯೇ ಕೆಲವು ಮಳೆಗಾಲದಲ್ಲಿ ಉದುರುತ್ತದೆ. ಬಣ್ಣ ಹೊಡೆದ ಕಬ್ಬಿಣದ ಮೈ ನೋಡಲಿಕ್ಕೆ ಚೆಂದ, ಒಂದು ಕಡೆ ಬಣ್ಣ ಎದ್ದರೆ ಅಲ್ಲಿಂದ ತುಕ್ಕು ಶುರು. ಸ್ಟೀಲ್ ಅಂತ ಬರೆದಿದ್ದರೂ ನಂಬಬೇಡಿ, 304 ದರ್ಜೆಯದೋ 430 ದರ್ಜೆಯದೋ ಕೇಳಿ. 430ರಲ್ಲಿ ನಿಕ್ಕಲ್ ಇಲ್ಲದಷ್ಟು ಕಡಿಮೆ, ಕರಾವಳಿಯಲ್ಲಿ ಬೇಗ ಕಲೆ ಹಿಡಿಯುತ್ತದೆ. ಅದಕ್ಕೆ ಆಯಸ್ಕಾಂತ ಗಟ್ಟಿ ಅಂಟುತ್ತದೆ, 304ಕ್ಕೆ ಅಂಟುವುದಿಲ್ಲ, ಅಂಟಿದರೂ ಬಲು ಕಡಿಮೆ. ಪೂರ್ತಿ 304ರ ಗ್ರಿಲ್ ಕೊಳ್ಳುವಷ್ಟು ಕಿಸೆ ನನಗೆ ಇರಲಿಲ್ಲ. ಬೆಂಕಿ ಬಟ್ಟಲು, ತಗಡು, ಜಾಲರಿ ಇಷ್ಟಾದರೂ ಸ್ಟೇನ್‌ಲೆಸ್ ಇರಲಿ ಅಂತ ಹಟ ಹಿಡಿದೆ. ಮೈಗೆ ವಾರಕ್ಕೊಮ್ಮೆ ಸಿಹಿನೀರಿನ ಬಟ್ಟೆ, ಬೋಲ್ಟುಗಳಿಗೆ ಎಣ್ಣೆ. ಅಷ್ಟು ಸಾಕಾಗುತ್ತಿದೆ.

ಅಳತೆಯ ವಿಷಯ ಬೇಗ ಮುಗಿಯಿತು. ಕಂಪನಿಯವರು ಮೇಲಿನ ಅಟ್ಟವನ್ನೂ ಸೇರಿಸಿ ಚದರ ಇಂಚಿನ ಲೆಕ್ಕ ಹೇಳುತ್ತಾರೆ. ನಾನು ಮುಖ್ಯ ಜಾಲರಿಯ ಉದ್ದಗಲ ಕೇಳಿ, ಅಷ್ಟೇ ಅಳತೆಗೆ ಹಳೇ ಪೇಪರ್ ಕತ್ತರಿಸಿ ಅಂಗಳದಲ್ಲಿ ಹಾಸಿದೆ. ಅದರ ಮೇಲೆ ಮಾರ್ಕೆಟ್ಟಿನಿಂದ ತಂದ ಬಂಗುಡೆ ಸಾಲಾಗಿ ಇಟ್ಟೆ. ಪಕ್ಕದ ಮನೆಯ ಬೆಕ್ಕಿಗೆ ಹಬ್ಬ. ಮಧ್ಯಮ ಗಾತ್ರ ಸಾಕು ಅಂತ ಗೊತ್ತಾಯಿತು. ಇಡೀ ಇಸವಣ (ಅಂಜಲ್ ಮೀನು) ಹಿಡಿಸುವ ಗ್ರಿಲ್ ಬೇಕು ಅಂತ ಹೊರಟರೆ ಮುಗಿಯುವುದಿಲ್ಲ, ಅದನ್ನು ಹೇಗೂ ನಾವು ತುಂಡು ಮಾಡಿಯೇ ತಿನ್ನುವುದು.

ಕೆಲವು ಸೌಲಭ್ಯಗಳಿಗೆ ದುಡ್ಡು ಸುರಿಯಲೇ ಇಲ್ಲ. ಎರಡು ಪದರದ ಮೈ, ಮೇಲೆ ಹೊದಿಸುವ ಕಂಬಳಿ ಇವೆಲ್ಲ ಹಿಮ ಬೀಳುವ ಊರಿಗೆ. ಬೆಳಗಿನ ಇಪ್ಪತ್ತು ಡಿಗ್ರಿಯನ್ನೇ ಚಳಿ ಅನ್ನುವ ನಮಗೆ ಯಾಕೆ? ಮೊಬೈಲಿನಿಂದ ಶಾಖ ಬದಲಿಸುವ ವೈಫೈ ಕೂಡ ಸುಮ್ನೆ. ನಮ್ಮ ಹಿತ್ತಲಿಗೆ ವೈಫೈ ಬರುವುದೇ ಇಲ್ಲ. ಮಾಂಸಕ್ಕೆ ಚುಚ್ಚಿ ಶಾಖ ಅಳೆಯುವ ಕಡ್ಡಿ ಮಾತ್ರ ಬೇಕೇ ಬೇಕು. ಕೋಳಿ ಒಳಗೆ 74 ಡಿಗ್ರಿ, ಮೀನು 63. ಅಲ್ಲಿಗೆ ತಲುಪಿತಾ ಅಂತ ಅದು ಹೇಳುತ್ತದೆ, ಊಹೆ ಬೇಡ. ಕಂಟ್ರೋಲರ್ ಪಿಐಡಿ ಮಾದರಿಯದ್ದಾದರೆ, ಅಂದರೆ ಶಾಖವನ್ನು ಅಳೆಯುತ್ತಲೇ ಪೆಲೆಟ್ಟು, ಗಾಳಿ ತಿದ್ದಿಕೊಳ್ಳುವಂಥದ್ದಾದರೆ, ಶಾಖ ಕೆಲವೇ ಡಿಗ್ರಿ ಆಚೀಚೆ ನಿಲ್ಲುತ್ತದೆ. ಹಳೇ ಮಾದರಿಯವು ಸಮಯ ನೋಡಿ ಪೆಲೆಟ್ ಹಾಕುತ್ತವೆ, ಏರಿಳಿತ ಜಾಸ್ತಿ.

ಆದರೆ ಹೊಗೆಯ ವಿಚಾರದಲ್ಲಿ ಆ ಏರಿಳಿತವೇ ಒಳ್ಳೆಯದು ಅನ್ನುವವರೂ ಇದ್ದಾರೆ, ಅದರಲ್ಲಿ ಹುರುಳಿದೆ. ಬೆಂಕಿ ಸ್ವಲ್ಪ ಕುಂದಿದಾಗಲೇ ಹೊಗೆ ಹೆಚ್ಚು ಬರುವುದು. ಪೆಲೆಟ್ ಗ್ರಿಲ್ ಫ್ಯಾನಿನ ಗಾಳಿಯಲ್ಲಿ ಶುದ್ಧವಾಗಿ ಉರಿಯುವುದರಿಂದ ಹೊಗೆಯ ವಾಸನೆ ತೆಳು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಮೀನಿನ ಘಾಟು ಬೇಕು ಅನ್ನುವವರಿಗೆ ಇದು ಸಪ್ಪೆ. ನಾನು ತೂತುಗಳಿರುವ ಸ್ಟೀಲ್ ಕೊಳವೆಯಲ್ಲಿ ಒಂದಷ್ಟು ಪೆಲೆಟ್ ತುಂಬಿ, ತುದಿಗೆ ಬೆಂಕಿ ಹಚ್ಚಿ, ಜ್ವಾಲೆ ಆರಿಸಿ ಜಾಲರಿಯ ಮೂಲೆಯಲ್ಲಿ ಇಡುತ್ತೇನೆ. ಅದು ಗಂಟೆಗಟ್ಟಲೆ ಹೊಗೆಯಾಡುತ್ತದೆ.

ನಮ್ಮಲ್ಲಿ ಹೆಚ್ಚು ಆಗುವುದು ಬಂಗುಡೆ. ಎಣ್ಣೆ ಇರುವ ಮೀನು ಹೊಗೆಯನ್ನು ಚೆನ್ನಾಗಿ ಹಿಡಿಯುತ್ತದೆ. ಲೀಟರ್ ನೀರಿಗೆ 60 ಗ್ರಾಂ ಉಪ್ಪು ಕರಗಿಸಿ ಅದರಲ್ಲಿ ಒಂದು ಗಂಟೆ ಬಿಡಬೇಕು. ಆಮೇಲೆ ಒರೆಸಿ ಒಣಗಿಸುವುದು ಮುಖ್ಯ. ಚರ್ಮ ಮುಟ್ಟಿದರೆ ಬೆರಳಿಗೆ ಸ್ವಲ್ಪ ಅಂಟಬೇಕು, ಒದ್ದೆ ಇರಬಾರದು. ಕಾರವಾರದ ಸೆಕೆಯಲ್ಲಿ ಹೊರಗೆ ಇಟ್ಟರೆ ಒಣಗುವ ಮೊದಲು ಕೆಡುತ್ತದೆ. ಮುಚ್ಚದೆ ಫ್ರಿಜ್ಜಿನಲ್ಲಿ ಇಡುತ್ತೇನೆ, ಹೆಂಡತಿಯ ಬೈಗುಳ ಉಚಿತ. ನಂತರ 90 ಡಿಗ್ರಿಯಲ್ಲಿ ಒಂದು ಒಂದೂವರೆ ಗಂಟೆ. ತೆಗೆದ ಮೇಲೆ ಕರಟದ ಕೆಂಡದ ಮೇಲೆ ಎರಡು ಬದಿಗೂ ಒಂದು ಉಸಿರು ತೋರಿಸಿದರೆ ಚರ್ಮ ಗರಿಯಾಗುತ್ತದೆ. ಜೊತೆಗೆ ಜುಮ್ಮನಕಾಯಿ (ತೆಪ್ಪಲ್), ಹಸಿಮೆಣಸು, ಬಿರಿಂಡಿಯ (ಕೋಕಂ) ಹುಳಿ ಹಾಕಿದ ಚಟ್ನಿ.

ಶಿರಸಿಯ ಭಟ್ಟರೊಬ್ಬರು ಗೆಳೆಯರು, ಆಗಾಗ ಬರುತ್ತಾರೆ. ಅವರಿಗಾಗಿ ಬನವಾಸಿ ಕಡೆಯ ಅನಾನಸು, ನೀರಹಲಸಿನ ಹೋಳು ಇಡೋಣ ಅಂತ ಆಸೆ. ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಮೀನಿನ ಜಿಡ್ಡು ಕಾದರೆ ಅದರ ವಾಸನೆ ಅನಾನಸಿಗೂ ಹತ್ತುತ್ತದೆ. ಎಷ್ಟು ತಿಕ್ಕಿದರೂ ಸಸ್ಯಾಹಾರಿಗಳ ಮೂಗಿಗೆ ಗೊತ್ತಾಗುತ್ತದೆ. ಅವರಿಗೆ ಆಯಿಯ ಮಣ್ಣಿನ ಒಲೆಯ ಕೆಂಡದಲ್ಲೇ ಸುಟ್ಟುಕೊಡುತ್ತೇವೆ. ಎರಡೂ ಬಗೆಯ ಊಟ ಇರುವ ಮನೆಯವರು ಇದನ್ನು ಮೊದಲೇ ಯೋಚಿಸಿಕೊಳ್ಳಿ.

ಮಳೆಗಾಲಕ್ಕೆ ಬರುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಹೇಗೂ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಗ್ರಿಲ್ಲಿಗೂ ರಜೆ. ರಜೆಗೆ ಮುಂಚೆ ಪೆಟ್ಟಿಗೆ ಪೂರ್ತಿ ಖಾಲಿ ಮಾಡಿ, ತಿರುಪನ್ನು ಖಾಲಿ ಓಡಿಸಿ, ಒಳಗೊಂದು ಪೆಲೆಟ್ಟೂ ಉಳಿಯದ ಹಾಗೆ ನೋಡಬೇಕು. ತೇವಕ್ಕೆ ಉಬ್ಬಿದ ಪೆಲೆಟ್ ಕೊಳವೆಯಲ್ಲಿ ಸಿಮೆಂಟಿನ ಹಾಗೆ ಕಚ್ಚಿಕೊಂಡರೆ ತಿರುಪು ಬಿಚ್ಚಿ ಸುತ್ತಿಗೆ ಹಿಡಿಯಬೇಕಾಗುತ್ತದೆ. ಇದಕ್ಕಾಗಿಯೇ ಪೆಟ್ಟಿಗೆಯ ತಳದಲ್ಲಿ ಖಾಲಿ ಮಾಡುವ ಬಾಗಿಲು ಇರುವ ಮಾದರಿಯನ್ನೇ ತೆಗೆದುಕೊಂಡೆ. ಬೇರೆ ಎಲ್ಲ ಸೌಲಭ್ಯ ಬಿಟ್ಟರೂ ಈ ಬಾಗಿಲು ಬಿಡಬೇಡಿ. ಉಳಿದ ಪೆಲೆಟ್ ಬಿಗಿ ಮುಚ್ಚಳದ ನೀಲಿ ಬ್ಯಾರೆಲ್ಲಿನಲ್ಲಿ ಮನೆಯೊಳಗೆ ಇರುತ್ತದೆ. ಮಳೆ ಅಂತ ಗ್ರಿಲ್ಲನ್ನು ಮುಚ್ಚಿದ ಜಗಲಿಗೋ ಅಡುಗೆಮನೆಗೋ ಎಳೆದು ಹೊತ್ತಿಸಬೇಡಿ. ಕಣ್ಣಿಗೆ ಕಾಣದ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ನಮ್ಮದು ನಾಲ್ಕೂ ಕಡೆ ತೆರೆದ ತಗಡಿನ ಮಾಡಿನ ಕೆಳಗಿದೆ.

ಮೊನ್ನೆ ಕುಮಟಾದ ಪರಿಚಯದವರು ಫೋನ್ ಮಾಡಿ, "ನಾವೂ ಒಂದು ತಗೊಳ್ಳೋಣ ಅಂತ, ಯಾವುದು ಒಳ್ಳೇದು?" ಅಂತ ಕೇಳಿದರು. ಅವರ ಹತ್ತಿರವೂ ನಮ್ಮಂಥದ್ದೇ ಡ್ರಮ್ ಇದೆ. ಮೊದಲು ಒಂದು ಚೀಲ ಪೆಲೆಟ್, ಒಂದು ತೂತಿನ ಕೊಳವೆ ತರಿಸಿ ಅಂದೆ. ಡ್ರಮ್ಮಿನ ಒಂದು ಬದಿಗೆ ಸಣ್ಣ ಕೆಂಡ, ಇನ್ನೊಂದು ಬದಿಗೆ ಕೊಳವೆ ಮತ್ತು ಮೀನು ಇಟ್ಟು ಮುಚ್ಚಿ ನೋಡಿ. ರುಚಿ ಮನೆಯವರಿಗೆಲ್ಲ ಹಿಡಿಸಿ, ಚೀಲ ಬೇಗ ಖಾಲಿಯಾಗಿ, ಡ್ರಮ್ಮಿನ ಮುಂದೆ ಕೂತು ಸಾಕಾಯಿತು ಅನಿಸಿದ ಮೇಲೆ ಮತ್ತೆ ಫೋನ್ ಮಾಡಿ, ಆಗ ಮಾದರಿಯ ಮಾತಾಡೋಣ ಅಂತ ಹೇಳಿದ್ದೇನೆ.