ಫೆರೆಟ್‌ನ ಕೂದಲು ಉದುರುತ್ತಿದೆಯೇ? ಮೊದಲು ಬಾಲದ ಬುಡ ನೋಡಿ

ನಿದ್ದೆಯಿಂದ ಎದ್ದ ಫೆರೆಟ್ (ಮುಂಗುಸಿಯನ್ನು ಹೋಲುವ ಪುಟ್ಟ ಸಾಕುಪ್ರಾಣಿ) ಮೊದಲು ಮೈ ಕೆರೆದುಕೊಂಡೇ ಮುಂದಿನ ಕೆಲಸಕ್ಕೆ ಹೋಗುತ್ತದೆ. ಅದು ಅದರ ಸ್ವಭಾವ. ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ, ಅದರ ತುಪ್ಪಳವೂ ಬದಲಾಗುತ್ತದೆ. ಆದರೆ ಕೂದಲಿನ ನಡುವೆ ಚರ್ಮ ಕಾಣತೊಡಗಿದರೆ, ಆಟವನ್ನು ಅರ್ಧಕ್ಕೆ ಬಿಟ್ಟು ಕೆರೆಯುತ್ತಲೇ ಇದ್ದರೆ, ಕಾರಣ ಹುಡುಕಲೇಬೇಕು. ಅಲ್ಲಿಯವರೆಗೆ ಎಣ್ಣೆ, ಮುಲಾಮು ಏನನ್ನೂ ಹಚ್ಚಬೇಡಿ. ವೈದ್ಯರು ನೋಡಬೇಕಾದ ಕುರುಹುಗಳೇ ಮರೆಯಾಗುತ್ತವೆ.

ಮೊದಲ ಹೆಜ್ಜೆ: ಬೋಳಾಗಿರುವುದು ಎಲ್ಲಿ?

ಒಬ್ಬರು ಹೆಗಲ ಮೇಲಿನ ಸಡಿಲ ಚರ್ಮವನ್ನು ಮೆತ್ತಗೆ ಹಿಡಿದಿರಲಿ, ಇನ್ನೊಬ್ಬರು ಕೂದಲನ್ನು ಹಿಮ್ಮುಖವಾಗಿ ಸವರುತ್ತಾ ಬೆಳಕಿನಲ್ಲಿ ನೋಡಲಿ. ಬಾಲ ಮಾತ್ರ ಬೋಳಾಗಿ, ಚರ್ಮದ ಮೇಲೆ ಕಪ್ಪು ಚುಕ್ಕೆಗಳೂ ಕಂದು ಮೇಣದಂಥ ಜಿಡ್ಡೂ ಇದ್ದರೆ ಅದು ಹೆಚ್ಚಾಗಿ ಋತುಮಾನದ ತೊಂದರೆ. ಮುಂದಿನ ತುಪ್ಪಳದೊಂದಿಗೆ ಕೂದಲು ಮರಳುವುದುಂಟು.

ಬಾಲದ ಬುಡದಿಂದ ಶುರುವಾಗಿ ಸೊಂಟದ ಎರಡೂ ಬದಿಗೆ ಸಮನಾಗಿ ಹರಡುತ್ತಾ ಮುಂದಕ್ಕೆ ಬರುವ ಬೋಳು ಬೇರೆಯೇ ಕಥೆ. ವಿಶೇಷವಾಗಿ 3 ವರ್ಷ ದಾಟಿದ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವ ಫೆರೆಟ್‌ನಲ್ಲಿ ಇದನ್ನು ಕಂಡರೆ ಅಡ್ರಿನಲ್ ಗ್ರಂಥಿಯ (ಮೂತ್ರಪಿಂಡದ ಬಳಿ ಇರುವ, ಹಾರ್ಮೋನು ಸುರಿಸುವ ಗ್ರಂಥಿ) ಕಾಯಿಲೆಯನ್ನೇ ಮೊದಲು ಶಂಕಿಸಬೇಕು. ವೃಷಣ ಅಥವಾ ಅಂಡಾಶಯ ತೆಗೆದ ಮೇಲೆ ಮಿದುಳಿನ ಸಂಕೇತಕ್ಕೆ ಕಡಿವಾಣ ಇರುವುದಿಲ್ಲ. ಆ ಸಂಕೇತ ಅಡ್ರಿನಲ್ ಗ್ರಂಥಿಯನ್ನು ಕೆಣಕುತ್ತಲೇ ಇರುತ್ತದೆ. ಗ್ರಂಥಿ ಊದಿಕೊಂಡು ಲೈಂಗಿಕ ಹಾರ್ಮೋನುಗಳನ್ನು ಅತಿಯಾಗಿ ಸುರಿಸುತ್ತದೆ. ಕೂದಲು ಉದುರುವುದು, ಕೆಲವಕ್ಕೆ ತುರಿಕೆ, ಹೆಣ್ಣಿನಲ್ಲಿ ಯೋನಿದ್ವಾರದ ಊತ, ಎಲ್ಲವೂ ಅದರ ಫಲ. ಇದನ್ನು ಚರ್ಮರೋಗವೆಂದು ನಂಬಿ ತಿಂಗಳುಗಟ್ಟಲೆ ಶಾಂಪೂ ಬದಲಾಯಿಸುವವರನ್ನು ಕಂಡಾಗ ಸಂಕಟವಾಗುತ್ತದೆ. ಕಾಯಿಲೆ ಒಳಗೆ ಬೆಳೆಯುತ್ತಲೇ ಇರುತ್ತದೆ.

ಶಸ್ತ್ರಚಿಕಿತ್ಸೆ ಆಗದ ಹೆಣ್ಣು ಫೆರೆಟ್ ಗಂಡಿನ ಸಂಪರ್ಕವಿಲ್ಲದೆ ಬೆದೆಯಲ್ಲೇ ಉಳಿದರೂ ಕೂದಲು ಉದುರುತ್ತದೆ. ಇದರಿಂದ ಮಾರಕ ರಕ್ತಹೀನತೆ ಬರಬಹುದು. ಒಸಡು ಬಿಳಿಚಿದ್ದರೆ ಅಂದೇ ವೈದ್ಯರಲ್ಲಿಗೆ ಒಯ್ಯಿರಿ.

ಎರಡನೆಯದು: ಚಿಗಟ, ನುಸಿ, ಹುಳುಕಡ್ಡಿ

ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಫೆರೆಟನ್ನು ನಿಲ್ಲಿಸಿ ಬಾಚಿ. ಬಿದ್ದ ಕಪ್ಪು ಪುಡಿ ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಕಿವಿಯಲ್ಲಿ ಕಪ್ಪುಗಂದು ಗುಗ್ಗೆ ತುಂಬಿ ತಲೆ ಒದರುತ್ತಿದ್ದರೆ ಕಿವಿನುಸಿ ಇರಬಹುದು. ಪಾದ ಊದಿ ಹಕ್ಕಳೆಗಟ್ಟಿದ್ದರೆ ಕಜ್ಜಿ, ದುಂಡಗೆ ಕೂದಲು ತುಂಡಾಗಿದ್ದರೆ ಹುಳುಕಡ್ಡಿ ಇರುವ ಸಾಧ್ಯತೆ ಇದೆ. ಕೊನೆಯ ಎರಡೂ ಮನುಷ್ಯರಿಗೆ ಅಂಟುತ್ತವೆ, ಮುಟ್ಟಿದ ಮೇಲೆ ಕೈ ತೊಳೆಯಿರಿ. ನಾಯಿಯ ಚಿಗಟದ ಔಷಧವನ್ನು ಅಂದಾಜಿನಲ್ಲಿ ಕಡಿಮೆ ಮಾಡಿ ಹಾಕುವುದು ಅಪಾಯ. ಔಷಧವನ್ನೂ ಪ್ರಮಾಣವನ್ನೂ ತೂಕ ನೋಡಿ ವೈದ್ಯರೇ ಹೇಳಬೇಕು.

ಚರ್ಮದಿಂದ ಉಬ್ಬಿದ, ಮೇಲೆ ಹಕ್ಕಳೆ ಕಟ್ಟುವ ಪುಟ್ಟ ಗಂಟು ಸಿಕ್ಕರೆ ಅದನ್ನೂ ತೋರಿಸಿ. ಫೆರೆಟ್‌ಗಳಲ್ಲಿ ಮಾಸ್ಟ್ ಕೋಶದ (ಅಲರ್ಜಿಯಲ್ಲಿ ತುರಿಕೆ ಎಬ್ಬಿಸುವ ರಕ್ಷಣಾ ಕೋಶ) ಗಡ್ಡೆಗಳು ಸಾಮಾನ್ಯ. ಹೆಚ್ಚಿನವು ಹರಡುವುದಿಲ್ಲ, ಆದರೆ ಬಹಳ ತುರಿಸುತ್ತವೆ.

ಮೂರನೆಯದು: ಆರೈಕೆಯ ತಪ್ಪುಗಳು

ವಾಸನೆ ಹೋಗಲೆಂದು ಪದೇ ಪದೇ ಸ್ನಾನ ಮಾಡಿಸಿದರೆ ಚರ್ಮ ಒಣಗಿ ತುರಿಕೆ ಹೆಚ್ಚುತ್ತದೆ. ದಿನವೂ ಹಸಿ ಮೊಟ್ಟೆಯ ಬಿಳಿ ಕೊಡುತ್ತಿದ್ದರೆ ನಿಲ್ಲಿಸಿ. ಅದು ಕೂದಲಿಗೆ ಬೇಕಾದ ಬಯೋಟಿನ್ ಎಂಬ ವಿಟಮಿನ್ ದೇಹಕ್ಕೆ ದಕ್ಕದಂತೆ ಮಾಡುತ್ತದೆ.

ನಾಲ್ಕನೆಯದು: ವೈದ್ಯರಲ್ಲಿಗೆ

ಫೆರೆಟ್‌ಗಳನ್ನು ನೋಡಿ ಅನುಭವವಿರುವ ಪಶುವೈದ್ಯರನ್ನೇ ಹುಡುಕಿ. ಬೋಳು ಹರಡುತ್ತಾ ಬಂದ ಫೋಟೊಗಳನ್ನು ದಿನಾಂಕ ಸಮೇತ ಒಯ್ಯಿರಿ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಹೊಟ್ಟೆಯ ಅಲ್ಟ್ರಾಸೌಂಡ್, ಹಾರ್ಮೋನ್ ಪರೀಕ್ಷೆ ಬೇಕಾಗಬಹುದು. ಅಡ್ರಿನಲ್ ಕಾಯಿಲೆಗೆ ಗ್ರಂಥಿಯ ಶಸ್ತ್ರಚಿಕಿತ್ಸೆ ಒಂದು ದಾರಿ, ಲೈಂಗಿಕ ಹಾರ್ಮೋನುಗಳನ್ನು ತಗ್ಗಿಸಲು ಚರ್ಮದಡಿ ಇಡುವ ಡೆಸ್ಲೊರೆಲಿನ್ ಎಂಬ ಔಷಧದ ಇಂಪ್ಲಾಂಟ್ ಇನ್ನೊಂದು. ಇಂಪ್ಲಾಂಟ್ ಲಕ್ಷಣಗಳನ್ನು ಹತೋಟಿಗೆ ತರುತ್ತದೆ, ಗ್ರಂಥಿಯಲ್ಲಿ ಬೆಳೆದ ಗಡ್ಡೆಯನ್ನು ತೆಗೆಯುವುದಿಲ್ಲ. ಅದರ ಪ್ರಭಾವ ಇಳಿದಾಗ ಕೂದಲು ಮತ್ತೆ ಉದುರುತ್ತದೆ, ಆಗ ಹೊಸದನ್ನು ಇಡಬೇಕು.

ಗಂಡು ಫೆರೆಟ್ ಮೂತ್ರಕ್ಕೆ ತಿಣುಕುತ್ತಿದ್ದರೆ, ಹನಿ ಹನಿಯಾಗಿ ಹೋಗುತ್ತಿದ್ದರೆ, ಮೇಲಿನ ಯಾವ ಹೆಜ್ಜೆಗೂ ಕಾಯಬೇಡಿ. ಅಡ್ರಿನಲ್ ಕಾಯಿಲೆಯಿಂದ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರನಾಳ ಕಟ್ಟಿಕೊಂಡಿರಬಹುದು. ರಾತ್ರಿಯಾಗಿದ್ದರೂ ಕೂಡಲೇ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.